ನಮ್ಮ ಬ್ಯಾಂಡಿಗೆ ನಮ್ಮೂರಿನ ಕೃತಿ

ಲಂಡನ್ನಿನ ಬಸ್ ಕಂಡಕ್ಟರ್ ‘ಪಿಕಡಿಲಿ, ಪಿಕಡಿಲಿ’ ಎಂದು ಕೂಗುತ್ತಿದ್ದ ಧಾಟಿಯನ್ನೇ ಹಿಡಿದು ಜಾನ್ ಐರ್ಲೆಂಡ್ ಎಂಬ ಸಂಗೀತಗಾರ ಒಂದು ಕೃತಿ ಕಟ್ಟಿದನೆಂದು ಹೇಳುತ್ತಾರೆ. 1934ರಲ್ಲಿ ಅಲ್ಲಿನ ರಾಷ್ಟ್ರೀಯ ಬ್ರಾಸ್ ಬ್ಯಾಂಡ್ ಸ್ಪರ್ಧೆಗೆಂದು ಬರೆದ ಕೃತಿ ಅದು. ಸ್ಪರ್ಧೆಯ ಅಗ್ರ ವಿಭಾಗದ ತಂಡಗಳೆಲ್ಲ ಅದನ್ನೇ ನುಡಿಸಬೇಕಿತ್ತು. ಆ ವರ್ಷ ಗೆದ್ದದ್ದು ಫೋಡೆನ್ ಎಂಬ ಲಾರಿ ಕಾರ್ಖಾನೆಯ ಬ್ಯಾಂಡು. ಎರಡು ವರ್ಷ ಕಳೆದ ಮೇಲೆ ಐರ್ಲೆಂಡ್ ಅದನ್ನು ಆರ್ಕೆಸ್ಟ್ರಾಕ್ಕೆ ಹೊಂದಿಸಿ ‘ಎ ಲಂಡನ್ ಓವರ್ಚರ್’ ಎಂದು ಹೆಸರಿಟ್ಟ. ಟಿಕೆಟ್ ಹರಿದುಕೊಡುವವನ ಕೂಗು ಹೀಗೆ ಒಂದು ಮಹಾನಗರದ ಸಂಗೀತವಾಯಿತು.

ಬೆಂಗಳೂರಿನ ವಿಜಯನಗರದ ಬಸ್ ನಿಲ್ದಾಣದಲ್ಲಿ ನಿಂತಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ. ‘ಮೆಜೆಸ್ಟಿಕ್, ಮೆಜೆಸ್ಟಿಕ್, ಮೆಜೆಸ್ಟಿಕ್’ ಎಂದು ಒಂದೇ ಉಸಿರಿಗೆ ಹೇಳುವ ಕಂಡಕ್ಟರ್ ಒಬ್ಬರಾದರೆ, ‘ಮಾರ್ಕೇಏಟ್’ ಎಂದು ನಡುವೆ ಎಳೆದು ಕೊನೆಗೆ ಪಟ್ಟನೆ ನಿಲ್ಲಿಸುವವರು ಇನ್ನೊಬ್ಬರು. ನಡುನಡುವೆ ಸೀಟಿ, ‘ಹೋಲ್ಡಾನ್’, ‘ರೈಟ್ ರೈಟ್’. ನಮ್ಮ ಈ ಕಡೆಯ ಬಡಾವಣೆಗಳ ಹೆಸರುಗಳಲ್ಲೇ ತಾಳ ಕೂತಿದೆ. ಮಾತ್ರೆ ಎಣಿಸಿ ನೋಡಿ: ಕೆಂಗೇರಿಗೆ ಐದು, ಅದು ಖಂಡ. ವಿಜಯನಗರಕ್ಕೆ ಆರು, ತಕಿಟ ತಕಿಟ. ರಾಜಾಜಿನಗರಕ್ಕೆ ಸರಿಯಾಗಿ ಎಂಟು, ಆದಿತಾಳದ ಒಂದು ಆವರ್ತ. ಬಸವೇಶ್ವರನಗರಕ್ಕೆ ಒಂಬತ್ತು, ಸಂಕೀರ್ಣ. ಲಯ ಬಲ್ಲ ಮೃದಂಗದವರ ಕೈಗೆ ಇಷ್ಟು ಸಿಕ್ಕರೆ ಒಂದು ತನಿ ಆವರ್ತನಕ್ಕೆ ಸಾಕು.

ನುಡಿಸುವವರಿಗೂ ಇಲ್ಲಿ ಬರವಿಲ್ಲ. ಲಗ್ನದ ಕಾಲದಲ್ಲಿ ಯಾವ ಕಲ್ಯಾಣ ಮಂಟಪದ ಮುಂದೆ ಬೇಕಾದರೂ ಸಂಜೆ ಆರೂವರೆಗೆ ಹೋಗಿ ನಿಲ್ಲಿ. ವರಪೂಜೆಗೆ ಇನ್ನೂ ಹೊತ್ತಿರುತ್ತದೆ. ಕೆಂಪು ಕೋಟು, ಜರಿ ಪಟ್ಟಿಯ ಟೋಪಿಯ ಬ್ಯಾಂಡಿನವರು ಗೋಡೆಗೆ ಒರಗಿ ವಾದ್ಯ ಸಿದ್ಧ ಮಾಡಿಕೊಳ್ಳುತ್ತಿರುತ್ತಾರೆ. ಟ್ರಂಪೆಟ್‌ನವರು ಬಾಯಿಗಿಡುವ ತುದಿಯನ್ನು ಬಿಚ್ಚಿ, ಕರ್ಚೀಫಿನಲ್ಲಿ ಒರೆಸಿ, ಮತ್ತೆ ತಿರುಗಿಸಿ ಕೂರಿಸುತ್ತಾರೆ. ಕೊಳವೆಯ ಕೆಳಗಿನ ಚಿಕ್ಕ ಕೀಲಿ ಒತ್ತಿ ಒಳಗೆ ನಿಂತ ನೀರನ್ನು ಊದಿ ಹೊರಹಾಕುತ್ತಾರೆ. ಆ ವಾದ್ಯದಲ್ಲಿರುವುದು ಮೂರೇ ಗುಂಡಿ; ಮಿಕ್ಕದ್ದೆಲ್ಲ ತುಟಿಯ ಬಿಗಿ ಮತ್ತು ಉಸಿರಿನ ಕೆಲಸ. ‘ಆಕಸ್ಮಿಕ’ ಚಿತ್ರಕ್ಕೆ ಹಂಸಲೇಖ ಬರೆದು ರಾಗ ಹಾಕಿ, ರಾಜಕುಮಾರ್ ಹಾಡಿದ ಆ ಹಾಡು, ಯಾವುದೆಂದು ಹೇಳಬೇಕಾಗಿಲ್ಲ, ಬಂದಾಗ ಗಮನಿಸಿ. ಅಣ್ಣಾವ್ರು ಗಂಟಲಲ್ಲಿ ಜಾರಿಸಿದ ಸ್ವರವನ್ನು ಇವರು ಗುಂಡಿಯನ್ನು ಅರ್ಧಕ್ಕೇ ಒತ್ತಿ, ತುಟಿ ಸಡಿಲಿಸಿ ಜಾರಿಸುತ್ತಾರೆ. ಎದುರಿಗೆ ಸ್ವರಲಿಪಿಯ ಹಾಳೆ ಇರುವುದಿಲ್ಲ, ಎಲ್ಲವೂ ಕಿವಿಯಿಂದ ಕಲಿತದ್ದು. ಇದನ್ನು ಸಾಮಾನ್ಯ ವಿದ್ಯೆ ಎಂದು ನಾನು ಒಪ್ಪುವುದಿಲ್ಲ. ಮದುವೆಗೆ ಬಂದವರಲ್ಲಿ ಹೆಚ್ಚಿನವರು ಅವರ ಮುಖವನ್ನೂ ನೋಡದೆ ಒಳಗೆ ಹೋಗುತ್ತಾರೆ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ನಮ್ಮ ನಾಡಿಗೆ ಹಿತ್ತಾಳೆ ವಾದ್ಯಗಳು ಬಂದದ್ದು ದಂಡು ಮತ್ತು ಅರಮನೆಯ ದಾರಿಯಲ್ಲಿ. ಮೈಸೂರು ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡು, ಕರ್ನಾಟಕ ಬ್ಯಾಂಡು ಎರಡೂ ಇದ್ದವು. ನಾಲ್ವಡಿಯವರ ಕಾಲದಲ್ಲಿ ಜರ್ಮನಿಯ ಆಟೊ ಸ್ಮಿತ್ ಅಲ್ಲಿ ಪಾಶ್ಚಾತ್ಯ ಸಂಗೀತ ನಡೆಸಿದರು. ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿಯೇ ಕದ್ರಿ ಗೋಪಾಲನಾಥ್ ಆ ವಾದ್ಯ ಕೈಗೆತ್ತಿಕೊಂಡದ್ದು. ಬಸವಪ್ಪಶಾಸ್ತ್ರಿಗಳು ರಚಿಸಿದ ಗೀತೆಯನ್ನು ಸಂಸ್ಥಾನದ ಗೀತೆಯಾಗಿ ಬ್ಯಾಂಡಿನವರು ನುಡಿಸುತ್ತಿದ್ದರು. ಅಂದರೆ ಮೈಸೂರಿಗೆ ತನ್ನದೆನ್ನುವ ಒಂದು ಬ್ಯಾಂಡ್ ಸಂಗೀತವಿತ್ತು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲೂ ಲಾಲ್‌ಬಾಗಿನಲ್ಲೂ ಬ್ಯಾಂಡ್‌ಸ್ಟ್ಯಾಂಡ್‌ಗಳಿವೆ. ಅವು ಅತ್ತ ಕಡೆಗೆ, ಉದ್ಯಾನಗಳಲ್ಲಿ. ಇತ್ತ ಊರಿನ ಪಶ್ಚಿಮಕ್ಕೆ, ನಮ್ಮ ಬಡಾವಣೆಗಳ ಕಡೆಗೆ, ಬ್ಯಾಂಡು ಬಂದದ್ದು ಮೆರವಣಿಗೆಯ ಹಿಂದೆ, ಬೀದಿಗೆ.

ಇಂಗ್ಲೆಂಡಿನಲ್ಲಿ ಈ ಸಂಗೀತ ಬೆಳೆದದ್ದು ಗಿರಣಿ, ಗಣಿಗಳ ಕೆಲಸಗಾರರ ನಡುವೆ. ಯಾರ್ಕ್‌ಶೈರಿನ ಬ್ಲ್ಯಾಕ್ ಡೈಕ್ ಮಿಲ್ಸ್ ಬ್ಯಾಂಡು 1855ರದು. ನಮ್ಮದೂ ಅಂಥದೇ ಸೀಮೆ. ಮಾಗಡಿ ರಸ್ತೆಯ ಮಿನರ್ವ ಮಿಲ್, ಬಿನ್ನಿ ಮಿಲ್, ಸ್ವಾತಂತ್ರ್ಯ ಬಂದ ಹೊಸದರಲ್ಲಿ ಎದ್ದ ರಾಜಾಜಿನಗರ, ಅದರ ಮಗ್ಗುಲಿಗೇ ಕೈಗಾರಿಕಾ ಪ್ರದೇಶ. ಪಾಳಿ ಬದಲಾಗುವ ಸೈರನ್ ಕೇಳಿ ಮನೆಯಲ್ಲಿ ಒಲೆ ಹೊತ್ತಿಸುತ್ತಿದ್ದ ಕಾಲವನ್ನು ಹಿರಿಯರು ಇನ್ನೂ ಹೇಳುತ್ತಾರೆ. ಮಿಲ್ಲುಗಳು ಮುಚ್ಚಿದವು. 2014ರಲ್ಲಿ ರಾಜಾಜಿನಗರದ ಮೇಲೆ ಮೆಟ್ರೊ ಓಡಿತು, 2021ರಲ್ಲಿ ಕೆಂಗೇರಿ ಮುಟ್ಟಿತು. ಸೈರನ್ ಇದ್ದಲ್ಲಿ ಈಗ ಬಾಗಿಲು ಮುಚ್ಚುವ ಮುನ್ನದ ಸದ್ದು, ಮುಂದಿನ ನಿಲ್ದಾಣದ ಹೆಸರು. ಸೈರನ್ನಿನ ಏರುದನಿಯನ್ನು ಬಲ್ಲವರು ಇರುವಾಗಲೇ ಅದನ್ನು ಟ್ರಾಂಬೋನಿಗೆ ಕೊಟ್ಟುಬಿಡಬೇಕು. ಕೊಳವೆ ಹಿಂದೆ ಮುಂದೆ ಸರಿಸಿ ಸ್ವರದಿಂದ ಸ್ವರಕ್ಕೆ ಒಡೆಯದೆ ಹೋಗಬಲ್ಲ ವಾದ್ಯ ಅದು. ಗಮಕಕ್ಕೂ ಸೈರನ್ನಿಗೂ ಸರಿ.

ಈ ಸದ್ದುಗಳನ್ನೆಲ್ಲ ಹಿಡಿದು ನಮ್ಮ ಬ್ಯಾಂಡಿಗೆ ಒಂದು ಕೃತಿ ಬರೆಸಬೇಕು; ಹತ್ತು ನಿಮಿಷದ್ದಾದರೂ ಆದೀತು. ಮೊದಲು ನುಡಿಸಲು ಮೈಸೂರಿನ ಪೊಲೀಸ್ ಬ್ಯಾಂಡಿನವರಿಗಿಂತ ತಕ್ಕವರು ಯಾರು? ಅರಮನೆಯ ಇಂಗ್ಲಿಷ್, ಕರ್ನಾಟಕ ಎಂಬ ಎರಡೂ ಕವಲುಗಳನ್ನು ಉಳಿಸಿಕೊಂಡು ಬಂದವರು ಅವರು. ಆಮೇಲೆ ಮದುವೆ ಬ್ಯಾಂಡಿನವರಿಗೆ ಹಾಡಿ ತೋರಿಸಿದರೂ ಸಾಕು, ಅವರು ಎತ್ತಿಕೊಳ್ಳುತ್ತಾರೆ. ಬರೆಯುವವರಿಗೆ ಸಂಭಾವನೆ ಬೇಕು, ನುಡಿಸುವವರಿಗೆ ತಾಲೀಮಿನ ದಿನಗಳ ಕೂಲಿಯೂ ಬೇಕು. ಲಗ್ನವಿಲ್ಲದ ತಿಂಗಳಲ್ಲಿ ತಾಲೀಮು ಇಟ್ಟರೆ ಆ ಕೂಲಿ ಅವರ ಮನೆಗೂ ಆಗಿಬರುತ್ತದೆ. ನವೆಂಬರ್ ಬಂತೆಂದರೆ ನಮ್ಮ ಬಡಾವಣೆಗಳಲ್ಲಿ ರಾಜ್ಯೋತ್ಸವದ ಚಂದಾ ಎತ್ತುತ್ತಾರೆ, ಅದರಲ್ಲಿ ದೊಡ್ಡ ಪಾಲು ಸೌಂಡ್ ಸಿಸ್ಟಮ್ಮಿನ ಬಾಡಿಗೆಗೆ ಹೋಗುತ್ತದೆ. ಈ ಸಲ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಸಂಘಗಳು ಆ ಬಾಡಿಗೆಯಲ್ಲಿ ಒಂದೊಂದು ಪಾಲು ಎತ್ತಿಟ್ಟು ಕೃತಿ ಬರೆಸಲಿ. ರಸೀದಿ ಪುಸ್ತಕ ಹಿಡಿದು ಬಂದವರಿಗೆ ನಾನು ಮೊದಲು ಹೇಳುವ ಮಾತು ಅದೇ.