ಆರೋಗ್ಯದ ಮದ

ಧಮ್ಮ ಬಂಧುಗಳೇ, ಕಳೆದ ತಿಂಗಳು ಬೇಡಕಿಹಾಳದ ನಮ್ಮ ಓಣಿಗೆ ಆಶಾ ಕಾರ್ಯಕರ್ತೆ ಬಿ.ಪಿ. ಯಂತ್ರ ಹಿಡಿದು ಬಂದಿದ್ದಳು. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಕಟ್ಟೆಗೆ ಬಂದು ಕೂತು ತೋಳು ಚಾಚಿದರು. ಗಂಡಸರು ಒಬ್ಬೊಬ್ಬರಾಗಿ ಜಾರಿಕೊಂಡರು. ಒಬ್ಬನಿಗೆ ಕಬ್ಬಿನ ಗಾಡಿ ನೆನಪಾಯಿತು, ಇನ್ನೊಬ್ಬನಿಗೆ ಎಮ್ಮೆ. ನಾನು "ಶಾಲಿಗೆ ಹೊತ್ತಾತು" ಎಂದೆ. ಅಂದು ರವಿವಾರ. ಹೆಂಡತಿ ಏನೂ ಅನ್ನಲಿಲ್ಲ, ಸುಮ್ಮನೆ ನೋಡಿದಳು.

ಆ ನೋಟ ನನಗೆ ಅಪ್ಪನನ್ನು ನೆನಪಿಸಿತು. ಅಪ್ಪ ನಿಪ್ಪಾಣಿಯ ತಂಬಾಕು ಗೋದಾಮುಗಳಲ್ಲಿ ಚೀಲ ಹೊತ್ತವನು. ಅರವತ್ತು ದಾಟಿದ ಮೇಲೆ ರಾತ್ರಿ ನಾಲ್ಕೈದು ಸಲ ಎದ್ದು ಹೊರಗೆ ಹೋಗತೊಡಗಿದ. ಕೇಳಿದರೆ, "ವಯಸ್ಸಾತಲ್ಲೋ, ಏನ ಆಗ್ಯೇತಿ ನನಗ?" ಎನ್ನುತ್ತಿದ್ದ. ಎರಡು ವರ್ಷಕ್ಕೆ ಬೆನ್ನು ನೋವು ಬಂತು. ಚೀಲ ಹೊತ್ತ ಬೆನ್ನಲ್ಲವೇ ಎಂದು ಮುಲಾಮು ತಿಕ್ಕಿದೆವು. ಕೊನೆಗೆ ದವಾಖಾನೆಗೆ ಕರೆದೊಯ್ದಾಗ ತಿಳಿಯಿತು: ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಆಗಲೇ ಬೆನ್ನೆಲುಬಿಗೆ ಇಳಿದಿತ್ತು. ಹದಿನಾಲ್ಕು ತಿಂಗಳು ಬದುಕಿದ.

ಅಪ್ಪ ತೀರಿದ ಮೇಲೆ ಅವ್ವ ಒಂದು ಮಾತು ಹೇಳಿದಳು. ಮೂತ್ರದಲ್ಲಿ ರಕ್ತ ಬರುವುದು ಅಪ್ಪನಿಗೆ ಮೊದಲೇ ಗೊತ್ತಿತ್ತಂತೆ. "ಹುಡುಗರಿಗೆ ಹೇಳಬ್ಯಾಡ" ಎಂದು ಅವ್ವನಿಂದ ಆಣೆ ಹಾಕಿಸಿಕೊಂಡಿದ್ದನಂತೆ. ಅಪ್ಪ ನಮಗಾಗಿ ನೋವು ನುಂಗಿದ ಎಂದು ನಾನು ಬಹಳ ವರ್ಷ ಹೇಳಿಕೊಂಡು ಬಂದೆ. ಈಗ ನನ್ನದೇ ವಯಸ್ಸು ನಲವತ್ತೇಳಾದಾಗ ಪ್ರಶ್ನೆ ಏಳುತ್ತದೆ: *ನೋವನ್ನು ಮುಚ್ಚಿಡುವುದು ಸಹನೆಯೋ, ಅಹಂಕಾರವೋ?*

ಬುದ್ಧರು ಮನುಷ್ಯನಿಗೆ ಮೂರು ಮದಗಳಿವೆ ಎಂದು ತಿಳಿಸಿದ್ದಾರೆ: ಯೌವನದ ಮದ, ಆರೋಗ್ಯದ ಮದ, ಜೀವನದ ಮದ. ಯೌವನದ ಮದವನ್ನು ಕನ್ನಡಿ ಇಳಿಸುತ್ತದೆ. ಆರೋಗ್ಯದ ಮದ ಹಾಗೆ ಇಳಿಯುವುದಿಲ್ಲ. ಏಕೆಂದರೆ ಬಿ.ಪಿ., ಸಕ್ಕರೆ ಕಾಯಿಲೆ ಬಹಳ ದಿನ ನೋವು ಕೊಡದೇ ಒಳಗೇ ಬೆಳೆಯುತ್ತವೆ. ನೋವಿಲ್ಲದ್ದನ್ನೇ ಆರೋಗ್ಯವೆಂದು ಗಂಡಸು ತಿಳಿಯುತ್ತಾನೆ.

"ದೇಹ ಅನಿತ್ಯ, ಔಷಧದಿಂದ ಏನು?" ಎಂದು ನಮ್ಮ ಕೂಟದಲ್ಲೇ ಹಿರಿಯರೊಬ್ಬರು ಕೇಳಿದ್ದುಂಟು. ಆದರೆ ಅನಿತ್ಯವನ್ನು ಬೋಧಿಸಿದ ಬುದ್ಧರೇ ಜೀವಕ ವೈದ್ಯನ ಚಿಕಿತ್ಸೆ ಪಡೆದರು. ಭೇದಿಯಿಂದ ಬಳಲಿ ಬಿದ್ದಿದ್ದ ಭಿಕ್ಕುವನ್ನು ಆನಂದನ ಜೊತೆ ಸೇರಿ ತಾವೇ ತೊಳೆದರು. ಎಂಬತ್ತರ ವಯಸ್ಸಿನಲ್ಲಿ ಬೇಲುವ ಗ್ರಾಮದಲ್ಲಿ ಕಠಿಣ ಬೇನೆ ಬಂದಾಗ ತಾಳಿಕೊಂಡರು. ಆಮೇಲೆ ತಮ್ಮ ದೇಹವನ್ನು ಪಟ್ಟಿ ಕಟ್ಟಿ ನಡೆಸುವ ಹಳೆಯ ಬಂಡಿಗೆ ಹೋಲಿಸಿ ಆನಂದನಿಗೆ ಬಿಚ್ಚಿ ಹೇಳಿದರು. ಬಂಡಿ ಹಳೆಯದೆಂದು ತಿಳಿದವನೇ ಅಲ್ಲವೇ ಗಾಲಿ ನೋಡುವವನು?

ವಿನಯ ಪಿಟಕದಲ್ಲಿ ಸುಲಭವಾಗಿ ಆರೈಕೆ ಮಾಡಬಹುದಾದ ರೋಗಿಯ ಐದು ಗುಣಗಳಿವೆ. ಹಿತವಾದದ್ದನ್ನು ಮಾಡುವುದು, ಅದರಲ್ಲೂ ಮಿತಿ ಅರಿಯುವುದು, ಔಷಧ ಸೇವಿಸುವುದು, ಆರೈಕೆ ಮಾಡುವವರಿಗೆ ಬೇನೆಯನ್ನು ಇದ್ದದ್ದು ಇದ್ದ ಹಾಗೆ ಹೇಳುವುದು, ನೋವನ್ನು ತಾಳಿಕೊಳ್ಳುವುದು. ಹೇಳುವುದೂ ತಾಳುವುದೂ ಒಂದೇ ಪಟ್ಟಿಯಲ್ಲಿವೆ. ನಾವು ಗಂಡಸರು ಎರಡನೆಯದನ್ನು ಮಾತ್ರ ಕಲಿತೆವು.

ಬಾಬಾಸಾಹೇಬರೂ ಸಕ್ಕರೆ ಕಾಯಿಲೆ ಮತ್ತು ಕಾಲಿನ ನರಗಳ ನೋವಿನಿಂದ ಬಳಲಿದವರು. ಅವರು ಅದನ್ನು ಮುಚ್ಚಿಡಲಿಲ್ಲ. ಬುದ್ಧ ಮತ್ತು ಆತನ ಧಮ್ಮವನ್ನು ಕುರಿತ ತಮ್ಮ ಗ್ರಂಥಕ್ಕೆ 1956ರಲ್ಲಿ ಬರೆದ ಮುನ್ನುಡಿಯಲ್ಲಿ, ತಮ್ಮನ್ನು ನೋಡಿಕೊಂಡ ಪತ್ನಿಗೂ ಡಾ. ಮಾಳವಣಕರ್ ಅವರಿಗೂ ಕೃತಜ್ಞತೆ ಹೇಳಿದ್ದಾರೆ. ಆರೈಕೆ ಪಡೆಯುವುದು ಅವರಿಗೆ ಅವಮಾನವಾಗಿರಲಿಲ್ಲ.

ಅಪ್ಪನದು ಬರೀ ಅಹಂಕಾರ ಎಂದರೆ ಅನ್ಯಾಯವಾದೀತು. ಒಂದು ದಿನ ದವಾಖಾನೆಗೆ ಹೋದರೆ ಒಂದು ದಿನದ ಪಗಾರ ಹೋಗುತ್ತಿತ್ತು. ಸಾಲದ ಭಯವಿತ್ತು, ಆ ಜಾಗದ ಬೇನೆ ಹೇಳಲು ನಾಚಿಕೆಯಿತ್ತು. ಆದರೂ ನಾವು ತ್ಯಾಗ ಎಂದು ಕರೆದದ್ದರ ಭಾರ ಹೊತ್ತವಳು ಅವ್ವ. ಆ ಆಣೆಯನ್ನು ಇಟ್ಟುಕೊಂಡೇ ಆಕೆ ದಿನಾ ನಮಗೆ ರೊಟ್ಟಿ ಬಡಿದಳು. ಗೊತ್ತಾದ ದಿನವೇ ಹೇಳಿದ್ದರೆ ಅಪ್ಪ ಉಳಿಯುತ್ತಿದ್ದನೋ ಇಲ್ಲವೋ, ಅವ್ವ ಮಾತ್ರ ಒಬ್ಬಂಟಿಯಾಗುತ್ತಿರಲಿಲ್ಲ.

ಆದ್ದರಿಂದ ಬಂಧುಗಳೇ, ಇಷ್ಟು ತಿಳಿದಿರಲಿ. ವಯಸ್ಸಾದಂತೆ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗುವುದು ಸಾಮಾನ್ಯ, ಅದೆಲ್ಲ ಕ್ಯಾನ್ಸರ್ ಅಲ್ಲ. ಮೂತ್ರದ ಧಾರೆ ಸಣ್ಣಗಾದರೆ, ರಾತ್ರಿ ಪದೇ ಪದೇ ಎದ್ದರೆ ವೈದ್ಯರಿಗೆ ಹೇಳಬೇಕು. ರಕ್ತ ಕಂಡರೆ ಒಂದು ದಿನವೂ ತಡ ಮಾಡಬಾರದು. ಈ ಕ್ಯಾನ್ಸರ್ ಆರಂಭದಲ್ಲಿ ಲಕ್ಷಣವನ್ನೇ ತೋರದಿರಬಹುದು, ಆದ್ದರಿಂದ ಐವತ್ತು ದಾಟಿದವರು ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಲಿ. ನಮ್ಮದು ತಂಬಾಕಿನ ಸೀಮೆ. ಬಾಯಿಯ ಹುಣ್ಣು ಎರಡು ವಾರಕ್ಕೂ ಮಾಯದಿದ್ದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ತೋರಿಸಬೇಕು. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ, ಬಾಯಿ ಮೂರನ್ನೂ ಉಚಿತವಾಗಿ ನೋಡುತ್ತಾರೆ.

ಮುಂದಿನ ರವಿವಾರ ನಾನೇ ಆಶಾ ಕಾರ್ಯಕರ್ತೆಯ ಮನೆಗೆ ಹೋದೆ. 158/98 ಬಂತು. 140/90 ದಾಟಿದರೆ ಹೆಚ್ಚು ಎಂದು ಲೆಕ್ಕ. ಬೇರೆ ಎರಡು ದಿನ ನೋಡಿಸಿದರೂ ಇಳಿಯಲಿಲ್ಲ, ವೈದ್ಯರು ಗುಳಿಗೆ ಬರೆದರು. ಹೆಂಡತಿಗೆ ಹೇಳಲು ಅಂಗಳದಲ್ಲಿ ಅರ್ಧ ತಾಸು ಅಡ್ಡಾಡಿದೆ. ಹೇಳಿದೆ. ಆಕೆ ಕೇಳಿದ್ದು ಇಷ್ಟೇ: "ಊಟಕ್ಕಿಂತ ಮೊದಲೋ, ಆಮ್ಯಾಲೋ?"

ಇಂದಿನ ಸಾಧನೆ: ಹತ್ತು ನಿಮಿಷ ಕಣ್ಣು ಮುಚ್ಚಿ ಕುಳಿತು ದೇಹದಲ್ಲಿ ಇರುವುದನ್ನು ಇದ್ದ ಹಾಗೆ ನೋಡೋಣ. ಎದ್ದ ಮೇಲೆ ಅದನ್ನು ಮನೆಯ ಒಬ್ಬರಿಗಾದರೂ ಇದ್ದ ಹಾಗೆ ಹೇಳೋಣ.

ನಮೋ ಬುದ್ಧಾಯ, ಜೈ ಭೀಮ್.