ಒಂದಾಳಿನ ಲೆಕ್ಕ

ಮೇ ತಿಂಗಳ ಕೊನೆಯಲ್ಲಿ ನಾನು ದುದ್ದದ ಮನೆಯಲ್ಲಿದ್ದೆ. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಗೆಂದು ಚಿಕ್ಕಪ್ಪನ ಖಾತೆಯಿಂದಲೂ ತಮ್ಮನ ಖಾತೆಯಿಂದಲೂ 436 ರೂಪಾಯಿ ಕಡಿತವಾಗಿತ್ತು. ಯಾರೇ ಸತ್ತರೂ ಮನೆಯವರಿಗೆ ಎರಡು ಲಕ್ಷ. ತಮ್ಮನಿಗೆ 22, ಚಿಕ್ಕಪ್ಪನಿಗೆ 49.

"ಇಬ್ರಿಗೂ ಒಂದೇ ದುಡ್ಡು ಯಾಕಣ್ಣ? ನೀನು ಇದನ್ನೇ ಅಲ್ವಾ ಓದ್ತಿರೋದು?" ಎಂದ ತಮ್ಮ.

ಜೀವವಿಮೆಯ ಗಣಿತದಲ್ಲಿ ಪಿಎಚ್‌ಡಿ ಮಾಡುತ್ತಿರುವ ನಾನು ಅವನ ಪರ ನಿಲ್ಲಬೇಕಿತ್ತು. 1693ರಲ್ಲಿ ಎಡ್ಮಂಡ್ ಹ್ಯಾಲಿ ಬ್ರೆಸ್ಲಾವ್ ನಗರದ ಜನನ ಮರಣಗಳ ಲೆಕ್ಕದಿಂದ ಕೋಷ್ಟಕ ಮಾಡಿ, ಬೆಲೆ ವಯಸ್ಸಿಗೆ ತಕ್ಕಂತಿರಬೇಕೆಂದು ತೋರಿಸಿದ. ನಮ್ಮ ಶಾಸ್ತ್ರದ ನ್ಯಾಯ ಇಂದಿಗೂ ಅದೇ: ಯಾರು ಎಷ್ಟು ಅಪಾಯ ತರುತ್ತಾರೋ ಅವರು ಅಷ್ಟು ಕೊಡಲಿ.

ಚಿಕ್ಕಪ್ಪ ನಕ್ಕರು. "ಮುಯ್ಯಾಳಿಗೆ ಹೋದಾಗ ನಿಮ್ಮಜ್ಜಿನೂ ಒಂದಾಳು, ನಾನೂ ಒಂದಾಳು. ಅಜ್ಜಿ ಎಷ್ಟು ಕಳೆ ಕಿತ್ತಳು ಅಂತ ಯಾರು ಎಣಿಸ್ತಿದ್ರು?"

ಆ ಮಾತು ನನ್ನನ್ನು ಬಿಡಲಿಲ್ಲ. ನನ್ನ ಸಂಶೋಧನೆಯ ಕೆಲಸವೇ ಜನರನ್ನು ಇನ್ನಷ್ಟು ಸಣ್ಣ ಗುಂಪುಗಳಾಗಿ ವಿಂಗಡಿಸುವುದು: ವಯಸ್ಸು, ಕಾಯಿಲೆ, ಕಸುಬು, ಬೀಡಿ. ವಿಂಗಡಣೆ ಸೂಕ್ಷ್ಮವಾದಷ್ಟೂ ಬೆಲೆ ನಿಖರವಾಗುತ್ತದೆ. ಆದರೆ ಇದನ್ನು ಕೊನೆಯವರೆಗೂ ಎಳೆದು ನೋಡಿ. ಈ ವರ್ಷ ಯಾರು ಸಾಯುತ್ತಾರೆಂದು ಖಚಿತವಾಗಿ ಗೊತ್ತಾದರೆ, ಅವರ ಪ್ರೀಮಿಯಂ ಪೂರಾ ಎರಡು ಲಕ್ಷ, ಉಳಿದವರದು ಸೊನ್ನೆ. ಅಲ್ಲಿಗೆ ವಿಮೆಯೇ ಮುಗಿಯಿತು. ನಮ್ಮನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿರುವುದು ನಮಗೆ ಗೊತ್ತಿಲ್ಲದಿರುವ ಸಂಗತಿಯೇ.

ಹಾಗಾದರೆ ಗೊತ್ತಿದ್ದೂ ಬಳಸದೆ ಇರಬಹುದೇ? 2011ರಲ್ಲಿ ಯುರೋಪಿನ ನ್ಯಾಯಾಲಯ, ಗಂಡು ಹೆಣ್ಣೆಂದು ವಿಮೆಯ ಪ್ರೀಮಿಯಂನಲ್ಲಿ ಭೇದ ಮಾಡಬಾರದೆಂದಿತು. ಹೆಂಗಸರು ಸರಾಸರಿ ಹೆಚ್ಚು ಕಾಲ ಬದುಕುತ್ತಾರೆಂಬ ಲೆಕ್ಕ ಅದರಿಂದ ಸುಳ್ಳಾಗಲಿಲ್ಲ. ಲೆಕ್ಕ ನಿಜವಾದ ಮಾತ್ರಕ್ಕೆ ಅದರಂತೆ ನಡೆಯಲೇಬೇಕೆಂದಿಲ್ಲ ಎಂದಾಯಿತು, ಅಷ್ಟೆ.

ಆದರೆ ಮುಯ್ಯಿಯನ್ನು ಹಾಡಿ ಹೊಗಳಲೂ ಮನಸ್ಸಾಗದು. ಹೊಲವಿಲ್ಲದವರಿಗೆ ಅದರಲ್ಲಿ ಜಾಗವಿರಲಿಲ್ಲ, ಅವರಿಗಿದ್ದದ್ದು ಕೂಲಿ. ಒಂದೇ ಬೆಲೆಯ ವಿಮೆಗೂ ತನ್ನ ಕಷ್ಟವಿದೆ. ಬಂದ ಪ್ರೀಮಿಯಂಗಿಂತ ಕೊಟ್ಟ ಪರಿಹಾರ ಹೆಚ್ಚಾಯಿತೆಂದು 2022ರಲ್ಲಿ ಈ ಯೋಜನೆಯ 330 ರೂಪಾಯಿಯನ್ನು 436ಕ್ಕೆ ಏರಿಸಿದರು. ತಮ್ಮನಂಥ ಹುಡುಗರು ಬಿಟ್ಟುಹೋದರೆ ಇನ್ನೂ ಏರಬೇಕಾಗುತ್ತದೆ. ಏರಿದಷ್ಟೂ ಇನ್ನಷ್ಟು ಹುಡುಗರು ಬಿಡುತ್ತಾರೆ.

ತಮ್ಮನಿಗೆ ಕೊನೆಗೆ ಹೇಳಿದೆ: "ಲೆಕ್ಕದ ಪ್ರಕಾರ ನೀನು ಜಾಸ್ತಿ ಕೊಡ್ತಿದೀಯ, ನಿಜ. ಆ ಜಾಸ್ತಿ ಹೋಗ್ತಿರೋದು ಚಿಕ್ಕಪ್ಪನ ವಯಸ್ಸಿನವರಿಗೆ."

ಅವನು ಚಿಕ್ಕಪ್ಪನ ಕಡೆ ನೋಡಿದ. "ಹಂಗಾದ್ರೆ ಇರ್ಲಿ ಬಿಡು" ಎಂದ. ಚಿಕ್ಕಪ್ಪನ ಬದಲು ಗುರುತಿಲ್ಲದ ಯಾರೋ ಅಲ್ಲಿ ಕೂತಿದ್ದರೂ ಹಾಗೇ ಅನ್ನುತ್ತಿದ್ದನೇ? ನನ್ನ ಕೋಷ್ಟಕದಲ್ಲಿರುವವರೆಲ್ಲ ಗುರುತಿಲ್ಲದವರೇ.