ಯಾವ ಶಿಬಿರರೀ ಅಕ್ಕೋರ?

ಏಪ್ರಿಲ್ ಹತ್ತು ದಾಟಿತೆಂದರೆ ನಮ್ಮ ಕನ್ನಡ ಶಾಲೆಗಳ ಗಂಟೆ ಸುಮ್ಮನಾಗುತ್ತದೆ. ಮತ್ತೆ ಅದು ಬಾರಿಸುವುದು ಮೇ ತಿಂಗಳ ಕೊನೆಗೆ. ಅಷ್ಟರಲ್ಲಿ ಬೆಳಗಿನ ಪತ್ರಿಕೆಯ ಮಡಿಕೆಯೊಳಗಿಂದ ಬಣ್ಣದ ಚೀಟಿಗಳು ಉದುರತೊಡಗುತ್ತವೆ. ಬೇಸಿಗೆ ಶಿಬಿರ! ಚಿತ್ರಕಲೆ, ಕರಾಟೆ, ಅಬ್ಯಾಕಸ್, ಮಣ್ಣಿನ ಗೊಂಬೆ, ರಂಗಗೀತೆ, ವಿಜ್ಞಾನದ ಆಟ. ನಾನು ಶಾಲೆಯಲ್ಲಿ ಕಲಿಸುವವಳೆಂದು ಓಣಿಯ ತಾಯಂದಿರು ಚೀಟಿ ಹಿಡಿದು ನನ್ನ ಬಾಗಿಲಿಗೆ ಬರುತ್ತಾರೆ. “ಬಾಯಾರ, ಇದರಾಗ ಯಾವುದು ಛಲೋ ಅದರೀ? ಯಾವುದಕ್ಕ ಹಾಕೋಣ?”

ಗಿಡಮರ ಇರುವ ದೊಡ್ಡ ಆವರಣ ನೋಡಿ, ಪಾಠ ಕಡಿಮೆ ಇರುವುದನ್ನು ನೋಡಿ ಎಂದು ಹೇಳಿ ಕಳಿಸುತ್ತೇನೆ. ಅವರು ಹೋದ ಮೇಲೆ ಪ್ರತಿ ವರ್ಷ ಒಂದೇ ಮುಖ ಕಣ್ಣ ಮುಂದೆ ಬರುತ್ತದೆ. ಅದರ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಬರೆಯಲು ನಾಚಿಕೆಯಾಗಿ ಬಿಟ್ಟಿದ್ದೆ.

ಕೆಲಗೇರಿ ಧಾರವಾಡಕ್ಕೆ ಅಂಟಿಕೊಂಡ, ಕೆರೆಯ ದಂಡೆಯ ಊರು. ಇಂದು ಹುಬ್ಬಳ್ಳಿ-ಧಾರವಾಡ ಮಹಾನಗರದ ಒಂದು ಭಾಗ. ಆದರೂ ಎಮ್ಮೆ, ಹಿತ್ತಲು, ಕೂಲಿ ಇವುಗಳ ಲೆಕ್ಕದಲ್ಲಿ ಇನ್ನೂ ಹಳ್ಳಿಯೇ. ಸುತ್ತಮುತ್ತ ಮಾತ್ರ ವಿದ್ಯೆಯ ಆವರಣಗಳು. 1950ರಲ್ಲಿ ಮುಂಬಯಿಯಿಂದ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯ, 1986ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಪ್ರಾರಂಭವಾಗಿ ಈಗ ಚಿಕ್ಕಮಲ್ಲಿಗವಾಡದ ಹತ್ತಿರ ಸ್ವಂತ ಕಟ್ಟಡಗಳಲ್ಲಿರುವ ಐಐಟಿ. ನಮ್ಮೂರ ಮಕ್ಕಳಿಗೆ ಇಂಥ ಆವರಣಗಳು ಗೊತ್ತು. ಆದರೆ ಬೇರೆ ರೀತಿಯಲ್ಲಿ ಗೊತ್ತು. ಹುಣಸೆ ಬೀಳುವ ಜಾಗ, ನೇರಳೆ ಸಿಗುವ ಜಾಗ, ವಾಚಮನ್ ಬೆನ್ನಟ್ಟುವ ಜಾಗ. ಕೆಲವರಿಗೆ ಅವ್ವ ಕಸ ಗುಡಿಸಲು ಹೋಗುವ ಜಾಗ. ಒಳಗಿನ ಕೋಣೆಗಳಲ್ಲಿ ಏನು ನಡೆಯುತ್ತದೆಂದು ಅವರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

2004ರ ಮಾರ್ಚ್ ತಿಂಗಳಲ್ಲಿ ನಮ್ಮ ಶಾಲೆಗೆ ಒಂದು ಪತ್ರ ಬಂತು. ಒಂದು ವಿಶ್ವವಿದ್ಯಾಲಯದ ಆವರಣದಲ್ಲಿ ಮಕ್ಕಳಿಗೆ ಹತ್ತು ದಿನದ ಶಿಬಿರ. ಬೆಳಿಗ್ಗೆ ಹತ್ತಕ್ಕೆ ಹೋಗಿ ಸಂಜೆ ನಾಲ್ಕಕ್ಕೆ ಮನೆಗೆ ಬರುವುದು. ನಮ್ಮ ಶಾಲೆಯ ಹನ್ನೆರಡು ಮಕ್ಕಳಿಗೆ ಶುಲ್ಕವಿಲ್ಲ. ಯಾವ ಆವರಣ, ಯಾರ ಶಿಬಿರ ಎಂದು ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ, ಏಕೆಂದರೆ ತಪ್ಪು ಅವರದಲ್ಲ, ನನ್ನದು. ಹನ್ನೆರಡು ಹೆಸರು ಬರೆಯುವ ಕೆಲಸ ನನಗೆ ಬಂದಿತ್ತು.

ಹೇಗೆ ಆರಿಸಿದೆ? ಯಾರು ಹೆಚ್ಚು ಉಪಯೋಗ ಮಾಡಿಕೊಳ್ಳುತ್ತಾರೋ ಅವರಿಗೆ ಸಿಗಲಿ ಎಂದು. ಮಾತು ಕೇಳಲು ಎಷ್ಟು ಚೆನ್ನಾಗಿದೆ! ಆದರೆ ನಾನು ಬರೆದ ಹೆಸರುಗಳನ್ನು ಈಗ ನೆನೆಸಿಕೊಂಡರೆ, ಮೊದಲ ನಂಬರಿನವರು, ಧೈರ್ಯದಿಂದ ಮಾತಾಡುವವರು, ಒಗೆದ ಅಂಗಿ ಹಾಕಿಕೊಂಡು ಬರುವವರು. ಸ್ಪಷ್ಟವಾಗಿ ಹೇಳಬೇಕೆಂದರೆ, ದೊಡ್ಡವರ ಎದುರಿಗೆ ಶಾಲೆಯ ಮಾನ ಕಳೆಯದವರು.

ಐದನೇ ಇಯತ್ತೆಯಲ್ಲಿ ಒಬ್ಬ ಹುಡುಗಿ ಇದ್ದಳು. ಅವ್ವ-ಅಪ್ಪ ಇಬ್ಬರೂ ಕೂಲಿಗೆ ಹೋಗುತ್ತಿದ್ದರು. ಎರಡು ವರ್ಷದ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಶಾಲೆಗೆ ಬರುತ್ತಿದ್ದಳು. ಅವನಿಗೆ ನಿದ್ದೆ ಬಂದರೆ ಮೂಲೆಯಲ್ಲಿ ಗೋಣಿಚೀಲ ಹಾಸಿ ಮಲಗಿಸಿ ಲೆಕ್ಕ ಮಾಡುತ್ತಿದ್ದಳು. ಬಾಯಿಲೆಕ್ಕದಲ್ಲಿ ಅವಳನ್ನು ಮೀರಿಸುವವರು ತರಗತಿಯಲ್ಲಿರಲಿಲ್ಲ. ಯಾದಿ ಓದಿದ ದಿನ ಎಲ್ಲರೂ ಹೋದ ಮೇಲೆ ಬಾಗಿಲಲ್ಲಿ ನಿಂತು ಕೇಳಿದಳು. “ಅಕ್ಕೋರ, ತಮ್ಮನ್ನ ಕರಕೊಂಡ ಬಂದ್ರ ನಡೀತೈತೇನ್ರಿ? ಅವಾ ಅಳಂಗಿಲ್ರಿ.”

“ಅಲ್ಲಿ ಸಣ್ಣ ಹುಡುಗರನ್ನ ತಗೊಳ್ಳಂಗಿಲ್ಲವಾ. ಮುಂದಿನ ವರ್ಷ ನೋಡೂಣು” ಎಂದೆ. ಪತ್ರದಲ್ಲಿ ಎಂಟರಿಂದ ಹದಿನಾಲ್ಕು ವರ್ಷ ಎಂದು ಬರೆದದ್ದು ನಿಜ. ಆದರೆ ಒಂದು ಮಗು ಜೊತೆಗೆ ಬಂದರೆ ನಡೆದೀತೇ ಎಂದು ನಾನು ಶಿಬಿರದವರನ್ನು ಒಂದು ಮಾತೂ ಕೇಳಲಿಲ್ಲ. ಮುಂದಿನ ವರ್ಷ ಅಂಥ ಪತ್ರ ಬರಲೇ ಇಲ್ಲ.

ಶಿಬಿರ ಚೆನ್ನಾಗಿತ್ತು. ಮಕ್ಕಳ ಜೊತೆ ನಾನೂ ಹೋಗಿದ್ದೆ. ಕಾಗದಕ್ಕೆ ಅಂಟಿಸಿಟ್ಟ ಒಣ ಎಲೆಗಳನ್ನು ತೋರಿಸಿದರು. ಪುಸ್ತಕಗಳ ಸಾಲುಗಳ ನಡುವೆ ನಡೆದಾಡಿಸಿದರು. ಒಂದು ದಿನ ಉಳ್ಳಾಗಡ್ಡಿಯ ತೆಳು ಸಿಪ್ಪೆಯನ್ನು ಗಾಜಿನ ಮೇಲೆ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಲು ಹೇಳಿದರು. ನಮ್ಮ ಒಬ್ಬ ಹುಡುಗ ಕಣ್ಣಿಟ್ಟವನು ತೆಗೆಯಲೇ ಒಲ್ಲ. “ಅಕ್ಕೋರ, ಇದರಾಗ ಇಟ್ಟಂಗಿ ಗ್ವಾಡಿ ಕಾಣಾಕತ್ತೈತ್ರಿ!” ಎಂದ. ದಿನಾ ರೊಟ್ಟಿಯ ಜೊತೆ ಕಡಿದು ತಿನ್ನುವ ಉಳ್ಳಾಗಡ್ಡಿಯಲ್ಲಿ ಯಾರೋ ಗೋಡೆ ಕಟ್ಟಿಟ್ಟಿದ್ದಾರೆಂಬುದು ಅವನಿಗೆ ಎಂಥ ಸುದ್ದಿಯಾಗಿತ್ತು!

ಜೂನ್ ತಿಂಗಳಲ್ಲಿ ಅದೇ ಹುಡುಗ ದಿನಾ ಕೇಳತೊಡಗಿದ. “ಅಕ್ಕೋರ, ಆ ಮಷಿನ್ನು ನಮ್ಮ ಸಾಲ್ಯಾಗ ಯಾಕಿಲ್ರಿ?” ನನ್ನಲ್ಲಿ ಉತ್ತರವಿರಲಿಲ್ಲ. ಒಂದು ದಿನ ಅವನ ಅಪ್ಪ ಬಂದ. ಸಿಟ್ಟಿನಿಂದಲ್ಲ, ಬೇಸರದಿಂದ ಹೇಳಿದ. “ಹುಡುಗಗ ಏನೇನೋ ತೋರಿಸಿ ಕಳಿಸೀರಿ. ಈಗ ಅವಂಗ ಮನ್ಯಾಗ ಯಾವುದೂ ಸೇರವಲ್ದು. ತೋರಿಸಿದ ಮ್ಯಾಲ ಕೊಡಬೇಕ್ರಿ. ಇಲ್ಲಾಂದ್ರ ತೋರಿಸಬಾರದ್ರಿ.”

ಆ ಮಾತು ನನ್ನೊಳಗೆ ಉಳಿಯಿತು. ಕೊಡಲಾಗದ್ದನ್ನು ತೋರಿಸುವುದು ಸರಿಯೇ? ಹತ್ತು ದಿನ ಒಂದು ಬಾಗಿಲು ತೆರೆದು, ಹನ್ನೊಂದನೆಯ ದಿನ ಮುಚ್ಚಿಕೊಂಡರೆ ಅದು ಉಪಕಾರವೋ ಹಿಂಸೆಯೋ? ಮಗು ಸಂಜೆ ಹಿಂತಿರುಗುವುದು ಅದೇ ಮನೆಗೆ, ಜೂನ್‌ನಲ್ಲಿ ಹಿಂತಿರುಗುವುದು ಅದೇ ಶಾಲೆಗೆ. ಹೀಗೆ ಯೋಚಿಸುತ್ತಾ ನನಗೊಂದು ಸಮಾಧಾನವೂ ಸಿಕ್ಕಿತು. ಆ ಹುಡುಗಿಯನ್ನು ಕಳಿಸದಿದ್ದದ್ದೇ ಒಳ್ಳೆಯದಾಯಿತು, ಅವಳಿಗಾದರೂ ಈ ಹಳಹಳಿ ತಪ್ಪಿತು ಎಂದುಕೊಂಡೆ. ಈ ಸಮಾಧಾನದಲ್ಲಿ ಎಷ್ಟೋ ವರ್ಷ ಕಳೆದೆ.

ಕೆಲವು ವರ್ಷಗಳ ಹಿಂದೆ ಗಣಪತಿ ಬಿಡುವ ದಿನ ಕೆರೆಯ ದಂಡೆಯ ಮೇಲೆ ಅವಳು ಸಿಕ್ಕಳು. ಇಬ್ಬರು ಮಕ್ಕಳ ತಾಯಿ. ಏಳನೆಯ ಇಯತ್ತೆಗೇ ಶಾಲೆ ಬಿಟ್ಟಿದ್ದಳು. ಕಾಲಿಗೆ ಬಿದ್ದಳು, ಮಕ್ಕಳಿಂದಲೂ ನಮಸ್ಕಾರ ಮಾಡಿಸಿದಳು. ನನಗೆ ತಡೆಯಲಾಗಲಿಲ್ಲ. “ಆ ಶಿಬಿರಕ್ಕ ನಿನ್ನ ಕಳಿಸಲಿಲ್ಲ ನೋಡವಾ, ನಂಗ ಇನ್ನೂ ಮನಸ್ಸಿಗೆ ಹತ್ತೇದ” ಎಂದೆ.

ಅವಳು ನಕ್ಕಳು. “ಯಾವ ಶಿಬಿರರೀ ಅಕ್ಕೋರ?”

ನಾನು ನೆನಪು ಮಾಡಿಕೊಟ್ಟರೂ ಅವಳಿಗೆ ನೆನಪಾಗಲಿಲ್ಲ. ತಮ್ಮನ ಮಾತಿಗೆ ಮಾತ್ರ ಮುಖ ಅರಳಿತು. “ಅವಾ ಈಗ ಟಂಟಂ ಹೊಡೀತಾನ್ರಿ. ಅವನ್ನ ಎತ್ತಿ ಆಡಿಸಿದಾಕಿ ನಾನ ಅಲ್ರೀ!” ಅವಳ ಹೆಮ್ಮೆ ದೊಡ್ಡದು, ನಿಜವಾದದ್ದು. ಅದನ್ನು ಕಡಿಮೆ ಮಾಡುವ ಮಾತು ಇದಲ್ಲ.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಳು ಬೈದಿದ್ದರೆ, ಒಂದು ಹನಿ ಕಣ್ಣೀರು ಹಾಕಿದ್ದರೆ ಹಗುರಾಗುತ್ತಿತ್ತೇನೋ. ನೋಡಿ ಬಂದ ಹುಡುಗ ವರ್ಷಗಟ್ಟಲೆ ಕೇಳಿದ, ಕಾಡಿದ, ಅಪ್ಪನ ಜೊತೆ ಜಗಳಾಡಿದ. ನೋಡದ ಹುಡುಗಿಗೆ ದುಃಖವೇ ಆಗಲಿಲ್ಲ. ಹಾಗಾದರೆ ಅನ್ಯಾಯವಾದದ್ದು ಯಾರಿಗೆ? ದುಃಖವನ್ನೇ ಅಳತೆಗೋಲು ಮಾಡಿದರೆ ಹುಡುಗನಿಗೆ ಎನ್ನಬೇಕು. ಆದರೆ ನನ್ನ ಮನಸ್ಸು ಒಪ್ಪಲಿಲ್ಲ. ತನ್ನಿಂದ ಏನು ತಪ್ಪಿಹೋಯಿತೆಂದು ಗೊತ್ತಾಗದಷ್ಟು ದೂರ ಅವಳನ್ನು ನಿಲ್ಲಿಸಿದ್ದೆ ನಾನು. ಅವಳು ಅಳದೆ ಇದ್ದದ್ದು ನನ್ನ ತಪ್ಪು ಸಣ್ಣದೆಂಬುದಕ್ಕೆ ಸಾಕ್ಷಿಯಲ್ಲ. ತಪ್ಪು ಪೂರ್ತಿಯಾಗಿ ಮುಗಿದುಹೋಗಿದೆ ಎಂಬುದಕ್ಕೆ ಸಾಕ್ಷಿ.

ಆ ತಂದೆಯ ಮಾತನ್ನು ಮತ್ತೆ ತೂಗಿ ನೋಡಿದೆ. “ತೋರಿಸಿದ ಮ್ಯಾಲ ಕೊಡಬೇಕು” ಎಂಬ ಅರ್ಧ ಸತ್ಯವಾದದ್ದು. “ಇಲ್ಲಾಂದ್ರ ತೋರಿಸಬಾರದು” ಎಂಬ ಅರ್ಧ, ಬಡತನ ಅವನ ಬಾಯಿಂದ ಆಡಿಸಿದ್ದು. ನಾನು ಮಾತ್ರ ಮೊದಲ ಅರ್ಧವನ್ನು ಬಿಟ್ಟು ನನಗೆ ಅನುಕೂಲವಾದ ಎರಡನೆಯದನ್ನು ಹಿಡಿದುಕೊಂಡಿದ್ದೆ. ನನ್ನ ಸ್ವಂತ ಮಗನಿಗೆ ಬೆಂಗಳೂರಿನ ನೆಹರೂ ತಾರಾಲಯ ತೋರಿಸಿ ತಂದಾಗ, ಇವನಿಗೆ ನಕ್ಷತ್ರ ತಂದುಕೊಡಲು ನನ್ನಿಂದ ಆದೀತೇ ಎಂದು ಯೋಚಿಸಿದ್ದೆನೇ? ಇಲ್ಲ. ನಮ್ಮ ಮಕ್ಕಳ ಆಸೆ ದೊಡ್ಡದಾದರೆ ಜಾಣರಾದರು ಎನ್ನುತ್ತೇವೆ. ಕೂಲಿಯವರ ಮಕ್ಕಳ ಆಸೆ ದೊಡ್ಡದಾದರೆ ಪಾಪ, ಸುಮ್ಮನೆ ದುಃಖ ಎನ್ನುತ್ತೇವೆ.

ತಮ್ಮನನ್ನು ಹೊತ್ತ ಹುಡುಗಿ ನನ್ನ ಶಾಲೆಯಲ್ಲಿ ಮಾತ್ರ ಇದ್ದವಳಲ್ಲ. ತಾರಾಬಾಯಿ ಮೋಡಕ್ ಎಂಬ ತಾಯಿಯ ಬಗ್ಗೆ ನಾನು ತಡವಾಗಿ ಓದಿದೆ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿಯವರ ಜೊತೆ ಶಿಶುಶಿಕ್ಷಣದ ಕೆಲಸ ಮಾಡಿದವರು ಅವರು. 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ, ಮುಂದೆ ಕೋಸಬಾಡದಲ್ಲಿ ಬಡವರ, ಆದಿವಾಸಿಗಳ ಮಕ್ಕಳಿಗಾಗಿ ನಿಂತರು. ಜೊತೆಗೆ ಅನುತಾಯಿ ವಾಘ್ ಇದ್ದರು. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಿನಲ್ಲೇ ಕಲಿಸಿದರು. ಕೂಸುಗಳನ್ನು ನೋಡಿಕೊಳ್ಳುವ ಜಾಗ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ಸೇರಿಸಿ ವಿಕಾಸವಾಡಿ ಎಂದು ಕರೆದರು. ಹಾಗೆ ಮಾಡಿದಾಗ ತಮ್ಮ-ತಂಗಿಯರನ್ನು ಆಡಿಸುವ ಹುಡುಗಿಯರಿಗೂ ಕಲಿಯಲು ಕೈ ಖಾಲಿಯಾಯಿತು. ನಾನು ಬಿ.ಎಡ್. ಓದುವ ಎಷ್ಟೋ ದಶಕಗಳ ಮೊದಲೇ ಉತ್ತರ ಸಿಕ್ಕಿತ್ತು. ನಾನು ನೋಡಿರಲಿಲ್ಲ, ಅಷ್ಟೆ.

ರಜೆಯ ಬಗ್ಗೆ ಹೊರದೇಶದವರೂ ತಲೆ ಕೆಡಿಸಿಕೊಂಡಿದ್ದಾರೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1982ರಲ್ಲಿ ಒಂದನೆಯ ತರಗತಿ ಸೇರಿದ ಸುಮಾರು 800 ಮಕ್ಕಳನ್ನು ಕಾರ್ಲ್ ಅಲೆಕ್ಸಾಂಡರ್, ಡೋರಿಸ್ ಎಂಟ್‌ವಿಸಲ್ ಎಂಬ ವಿದ್ವಾಂಸರು ವರ್ಷಾನುವರ್ಷ ಗಮನಿಸಿದರು. ಶಾಲೆ ನಡೆಯುವ ತಿಂಗಳುಗಳಲ್ಲಿ ಉಳ್ಳವರ ಮಕ್ಕಳೂ ಇಲ್ಲದವರ ಮಕ್ಕಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಕಲಿಯುತ್ತಾರೆ, ಅಂತರ ಬೆಳೆಯುವುದು ಬೇಸಿಗೆ ರಜೆಯಲ್ಲಿ ಎಂದು ಅವರಿಗೆ ಕಂಡಿತು. ಪರೀಕ್ಷೆಗಳ ಅಳತೆಯಲ್ಲೇ ದೋಷವಿತ್ತು, ಅಂತರ ಅಷ್ಟು ಬೆಳೆಯುವುದಿಲ್ಲ ಎಂದು ಇತ್ತೀಚಿನವರು ವಾದಿಸುತ್ತಾರೆ. ಅವರ ವಾದ ಅವರಿಗಿರಲಿ. ರಜೆ ಎಲ್ಲರಿಗೂ ಒಂದೇ ಅಲ್ಲ ಎಂದು ತಿಳಿಯಲು ನನಗೆ ನಮ್ಮೂರ ಓಣಿ ಸಾಕು. ಒಬ್ಬ ಹುಡುಗಿಗೆ ಅದು ಈಜು ಕಲಿಯುವ, ಅಜ್ಜಿಯ ಮನೆಗೆ ಹೋಗುವ ಕಾಲ. ಇನ್ನೊಬ್ಬಳಿಗೆ ಕೂಸು ಆಡಿಸುವ, ನೀರು ತುಂಬುವ, ಅವ್ವನ ಹಿಂದೆ ಕೂಲಿಗೆ ಹೋಗುವ ಕಾಲ. ಯಾರು ಹೆಚ್ಚು ಉಪಯೋಗ ಮಾಡಿಕೊಳ್ಳುತ್ತಾರೆ ಎಂದು ಕೇಳುವ ಬದಲು, ಯಾರ ರಜೆ ಬರಿದಾಗಿದೆ ಎಂದು ನಾನು ಕೇಳಬೇಕಿತ್ತು. ಶಿಬಿರದ ಜಾಗವನ್ನು ನಾನು ಬಹುಮಾನದಂತೆ ಹಂಚಿದ್ದೆ.

2017ರಲ್ಲಿ ಇನ್ನೊಂದು ಶಿಬಿರಕ್ಕೆ ಕರೆ ಬಂದಾಗ ನಾನು ಮೊದಲು ಮಾಡಿದ ಕೆಲಸ ಫೋನ್ ಹಚ್ಚಿದ್ದು. “ನಮ್ಮ ಹುಡುಗ್ಯಾರ ಜೋಡಿ ಮೂರು ಸಣ್ಣ ಕೂಸು ಬರ್ತಾವ್ರಿ, ನಡೀತದೇನ್ರಿ?” ಆ ಕಡೆಯವರು ಒಂದು ಗಳಿಗೆ ಸುಮ್ಮನಿದ್ದು, “ಬರ್ಲಿ ಬಿಡ್ರಿ, ಗಿಡದ ಬುಡಕ ಒಂದ ಚಾಪಿ ಹಾಸೂಣು” ಎಂದರು. ನನಗೆ ಸಂತೋಷವಾಗಲಿಲ್ಲ. ಎದೆಯಲ್ಲಿ ಚಳಕು ಹೊಡೆದಂತಾಯಿತು. ಇಷ್ಟು ಸುಲಭವಿತ್ತೇ? 2004ರಲ್ಲಿಯೂ ಒಂದು ಚಾಪೆಯ ಮಾತಾಗಿತ್ತೇ ಇದು?

ಕೂಸುಗಳನ್ನು ನಾನೇ ಸರದಿಯ ಮೇಲೆ ನೋಡಿಕೊಂಡೆ. ಒಂದು ಅತ್ತಿತು, ಒಂದು ಚಾಪೆಯ ಮೇಲೆ ಉಚ್ಚೆ ಹೊಯ್ದಿತು. ಯಾರ ಮಾನವೂ ಹೋಗಲಿಲ್ಲ. ಶಿಬಿರದ ನಂತರ ಆ ತಂದೆಯ ಮೊದಲ ಅರ್ಧವನ್ನು ನೆನೆದು ತರಗತಿಗೆ ನಾಲ್ಕು ಬೂದುಗಾಜು ಕೊಂಡೆ. ವರ್ಷಕ್ಕೊಮ್ಮೆ ಮಕ್ಕಳನ್ನು ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತೇನೆ. ಕೊಟ್ಟದ್ದು ಬಹಳವೆಂದು ಹೇಳಲಾರೆ. ತೋರಿಸಿ ಕೈ ತೊಳೆದುಕೊಳ್ಳಲಿಲ್ಲ ಎಂದಷ್ಟೇ ಹೇಳಬಲ್ಲೆ.

ನಿಮ್ಮ ಮನೆಗೆ ಭಾಂಡೆ ತಿಕ್ಕಲು ಬರುವವಳ ಹಿಂದೆ ರಜೆಯಲ್ಲಿ ಒಬ್ಬ ಹುಡುಗಿ ಬರುತ್ತಿರಬಹುದು. ಬಾಗಿಲ ಹತ್ತಿರ ಕೂತು ನಿಮ್ಮ ಮಗಳ ಬಣ್ಣದ ಡಬ್ಬಿಯನ್ನು ನೋಡುತ್ತಿರಬಹುದು. ಅವಳು ತಾನಾಗಿ ಕೇಳುವುದಿಲ್ಲ, ಏನು ಕೇಳಬೇಕೆಂದೇ ಅವಳಿಗೆ ಗೊತ್ತಿರುವುದಿಲ್ಲ. ಈ ಸಲ ಶಿಬಿರದ ಚೀಟಿ ಬಂದಾಗ, ನಿಮ್ಮ ಮಗಳ ಹೆಸರು ಹಚ್ಚಲು ಫೋನ್ ಮಾಡಿದಾಗ, ಅವಳ ಸಲುವಾಗಿಯೂ ಒಂದು ಮಾತು ಕೇಳಿ ನೋಡಿ. ಅವಳ ಸೊಂಟದ ಮೇಲೆ ತಮ್ಮನಿದ್ದರೆ ಅವನದೂ ಕೇಳಿ. ಬಹಳವಾದರೆ ಆ ಕಡೆಯವರು ಇಲ್ಲ ಎಂದಾರು. ನಾನಂತೂ ಅಂದು ಅದನ್ನೂ ಕೇಳಿಸಿಕೊಳ್ಳಲಿಲ್ಲ.